ಮೇಲಿನ ಮಳೆ ಕೇಳಿ ಹೊಳೆಗೆ ಹೊರಡಿ

ಕೊಡಗಿನಲ್ಲಿ ಹೊಳೆದಂಡೆಯ ನಡಿಗೆಗೆ ಬರುವವರು ಹಿಂದಿನ ದಿನ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಎಷ್ಟು ಕಿಲೋಮೀಟರ್? ಮಕ್ಕಳು ನಡೆಯಬಲ್ಲರೇ? ಊಟ ಎಲ್ಲಿ? ನೀರಿಗೆ ಇಳಿಯಬಹುದೇ? ಈ ಕೊನೆಯ ಪ್ರಶ್ನೆಗೆ ‘ಬೆಳಿಗ್ಗೆ ಹೊಳೆ ನೋಡಿ ಹೇಳುತ್ತೇನೆ’ ಎಂದರೆ ತಕ್ಷಣ ಬರುವ ಮಾತು: ‘ಸಿದ್ದಾಪುರದಲ್ಲಿ ಮಳೆಯೇ ಇಲ್ಲವಲ್ಲ ಸಾರ್, ಮೊಬೈಲ್‌ನಲ್ಲಿ ಬಿಸಿಲು ತೋರಿಸುತ್ತಿದೆ.’ ಪ್ರವಾಸಿಗರನ್ನು ಹೊಳೆದಂಡೆಯಲ್ಲಿ ನಡೆಸುವುದೇ ನನ್ನ ಕಸುಬು. ಈ ಮಾತಿಗೆ ಫೋನಿನಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಇಂದು ಇದೊಂದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಸಿದ್ದಾಪುರದಲ್ಲಿ ಹರಿಯುವ ಕಾವೇರಿ ಸಿದ್ದಾಪುರದ ಮಳೆಯನ್ನು ನೆಚ್ಚಿಕೊಂಡಿಲ್ಲ. ತಲಕಾವೇರಿಯ ಬ್ರಹ್ಮಗಿರಿಯಿಂದ ಇಳಿದ ನೀರು ಭಾಗಮಂಡಲದಲ್ಲಿ ಕನ್ನಿಕೆ ಹೊಳೆಯನ್ನು ಕೂಡಿಕೊಳ್ಳುತ್ತದೆ. ತಡಿಯಂಡಮೋಳ್ ತಪ್ಪಲಿನ ನೀರನ್ನು ಕಕ್ಕಬ್ಬೆ ಹೊಳೆ ತಂದು ಸುರಿಯುತ್ತದೆ. ದಾರಿಯುದ್ದಕ್ಕೂ ಹೆಸರಿರುವ, ಹೆಸರಿಲ್ಲದ ತೋಡುಗಳು, ಅಂದರೆ ಸಣ್ಣ ಹಳ್ಳಗಳು, ಸೇರುತ್ತಲೇ ಇರುತ್ತವೆ. ನಾಪೋಕ್ಲು, ಬಲಮುರಿ, ಬೇತ್ರಿ ದಾಟಿ ಸಿದ್ದಾಪುರಕ್ಕೆ ಬರುವ ಹೊತ್ತಿಗೆ ಅದು ಅರ್ಧ ಜಿಲ್ಲೆಯ ನೀರು. ಕೊಡಗಿನ ಮಳೆಯಾದರೂ ಎಲ್ಲೆಡೆ ಒಂದೇ ಅಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟುವುದು ಹೊಸತೇನಲ್ಲ. ಪೂರ್ವದ ಕುಶಾಲನಗರದಲ್ಲಿ ಅದರ ಕಾಲು ಭಾಗ ಬಿದ್ದರೆ ಹೆಚ್ಚು. ಆದರೆ ಎರಡೂ ಊರಿನ ಮುಂದೆ ಹರಿಯುವುದು ಒಂದೇ ಹೊಳೆ. ಮೇಲೆ ರಾತ್ರಿ ಸುರಿದ ಮಳೆ ಕೆಳಗಿನವರಿಗೆ ಮರುದಿನ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಇಲ್ಲಿ ಬಿಸಿಲು ಬಂದು, ಬಂಡೆ ಒಣಗಿ, ಮಕ್ಕಳು ಚಪ್ಪಲಿ ಬಿಚ್ಚಿರುತ್ತಾರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ ನೀರನ್ನು ನೆನಪಿಸಿಕೊಳ್ಳಿ. ಅದಷ್ಟೂ ಕುಶಾಲನಗರದಲ್ಲಿ ಬಿದ್ದ ಮಳೆಯಲ್ಲ.

‘ಮಳೆಗಾಲದ ಮಾತು ಬಿಡಿ, ನಾವು ಬರುವುದು ಏಪ್ರಿಲ್‌ನಲ್ಲಿ’ ಎನ್ನುವವರಿದ್ದಾರೆ. ಆ ಏಪ್ರಿಲ್–ಮೇ ತಿಂಗಳಿಗೇ ನಾನು ಹೆಚ್ಚು ಹೆದರುವುದು. ಜುಲೈ–ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಹೊಳೆ ಕೆಂಪಾಗಿ ಉಕ್ಕುತ್ತಿರುತ್ತದೆ, ಯಾರೂ ಹತ್ತಿರ ಸುಳಿಯುವುದಿಲ್ಲ. ಬೇಸಿಗೆಯಲ್ಲಿ ಅದು ಸೊರಗಿ, ಬಂಡೆಗಳೆಲ್ಲ ಮೇಲೆದ್ದು, ದುಬಾರೆಯಲ್ಲಿ ಜನ ದೋಣಿ ಬಿಟ್ಟು ಕಲ್ಲಿನಿಂದ ಕಲ್ಲಿಗೆ ಹಾರಿ ಆಚೆ ದಡ ಸೇರುತ್ತಾರೆ. ಅದೇ ಹೊತ್ತಿನಲ್ಲಿ ಮಧ್ಯಾಹ್ನ ಗುಡುಗಿನೊಡನೆ ಮಳೆ ಎಲ್ಲೋ ಒಂದು ಮೂಲೆಯಲ್ಲಿ ಒಂದು ಗಂಟೆ ಹೊಡೆದು ನಿಲ್ಲುತ್ತದೆ. ಕಾವೇರಿಯಂಥ ದೊಡ್ಡ ಹೊಳೆ ಏರಲು ಸಮಯ ತೆಗೆದುಕೊಳ್ಳಬಹುದು. ಅದಕ್ಕೆ ಸೇರುವ ಸಣ್ಣ ತೋಡುಗಳು ಕಾಯುವುದಿಲ್ಲ. ಬೆಳಿಗ್ಗೆ ಪಾದ ಮುಳುಗದಂತೆ ದಾಟಿದ ತೋಡು ವಾಪಸು ಬರುವಾಗ ತೊಡೆಯ ಮಟ್ಟದಲ್ಲಿ ಹರಿಯುತ್ತಿರುತ್ತದೆ.

ಮೈಸೂರಿನಿಂದ ಬಂದಿದ್ದ ಒಂದು ಕುಟುಂಬದ ನೆನಪು ಈಗಲೂ ಇದೆ. ಒಳ್ಳೆಯ ಜನ, ನನಗೂ ಸೇರಿಸಿ ಬುತ್ತಿ ಕಟ್ಟಿಸಿಕೊಂಡು ಬಂದಿದ್ದರು. ಹೊಳೆಯ ನಡುವಿನ ಹಾಸುಬಂಡೆಯ ಮೇಲೆ ಚಾಪೆ ಹಾಸಿ ಕೂರಬೇಕೆಂದು ಮಗನ ಹಟ. ದಂಡೆಯಲ್ಲೇ ಕೂರೋಣ ಎಂದೆ. ‘ಆಕಾಶ ನೋಡಿ ಸಾರ್, ಒಂದು ಚೂರು ಮೋಡವಿಲ್ಲ’ ಎಂದರು ಹುಡುಗನ ಅಪ್ಪ. ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಆಕಾಶ ನೋಡಲಿಲ್ಲ. ಸ್ವಲ್ಪ ಕೆಳಗೆ ಬಟ್ಟೆ ಒಗೆಯುತ್ತಿದ್ದ ತೋಟದ ಹೆಂಗಸನ್ನು ನೋಡುತ್ತಿದ್ದರು. ಆಕೆ ಒಗೆಯುವುದನ್ನು ಅರ್ಧಕ್ಕೇ ಬಿಟ್ಟು, ಬಕೆಟ್ ಎತ್ತಿಕೊಂಡು ದಡ ಹತ್ತಿ, ಅಲ್ಲೇ ನಿಂತು ನೀರಿನ ಕಡೆ ತಿರುಗಿದಳು. ಅಜ್ಜಿ ‘ಏಳೋ, ಆ ಹೆಣ್ಣುಮಗಳು ಎದ್ದಳು’ ಎಂದರು. ಆಮೇಲೆ ಯಾರೂ ವಾದ ಮಾಡಲಿಲ್ಲ. ಊಟ ಮುಗಿಯುವಷ್ಟರಲ್ಲಿ ಆ ಹಾಸುಬಂಡೆಯ ಅಂಚು ನೀರಿನಡಿ ಹೋಗಿತ್ತು.

ಆ ಹೆಂಗಸು ಕಂಡದ್ದನ್ನು ನೀವೂ ಕಾಣಬಹುದು. ಮೊದಲು ಬರುವುದು ಕಸ: ಒಣ ಎಲೆ, ಸಣ್ಣ ಕಡ್ಡಿ, ಬಿದಿರಿನ ಸಿಪ್ಪೆ, ನೊರೆ. ದಂಡೆಯಲ್ಲಿ ಒಣಗಿ ಬಿದ್ದದ್ದನ್ನು ಏರುವ ನೀರು ಎತ್ತಿಕೊಂಡು ಬರುತ್ತದೆ. ಆಮೇಲೆ ಬಣ್ಣ ಕದಡಿ ಹಾಲು ಹಾಕಿದ ಕಾಫಿಯಂತಾಗುತ್ತದೆ. ಕಲ್ಲುಗಳ ನಡುವೆ ಜುಳುಜುಳು ಎನ್ನುತ್ತಿದ್ದದ್ದು ದಪ್ಪ ಸದ್ದಾಗುತ್ತದೆ. ಕಲ್ಲು ಮುಳುಗಿದ ಕಡೆ ಸದ್ದೇ ನಿಂತುಬಿಡುವುದೂ ಉಂಟು, ಅದನ್ನು ಹೊಳೆ ಶಾಂತವಾಯಿತೆಂದು ತಿಳಿಯಬೇಡಿ. ನಾನು ಎಲ್ಲೇ ಕೂತರೂ ಮೊದಲು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡುತ್ತೇನೆ. ಮಾತಿನ ನಡುವೆ ಆಗಾಗ ಅತ್ತ ಕಣ್ಣು ಹಾಯಿಸುತ್ತೇನೆ. ಕಡ್ಡಿಯ ಬುಡ ಒಂದು ಬೆರಳಿನಷ್ಟು ಮುಳುಗಿದರೂ ಎಲ್ಲರನ್ನೂ ಎಬ್ಬಿಸುತ್ತೇನೆ. ಇದನ್ನು ಶಾಸ್ತ್ರದ ಅಳತೆ ಎಂದು ಹೇಳಲಾರೆ. ಕಡ್ಡಿ ಮುಳುಗದಿದ್ದರೆ ಅಪಾಯವಿಲ್ಲ ಎಂಬ ಭರವಸೆಯನ್ನಂತೂ ಕೊಡಲಾರೆ. ಮಡು ಮತ್ತು ಸುಳಿ ಇರುವ ಕಡೆ ನೀರು ಏರದಿದ್ದರೂ ಇಳಿಯುವಂತಿಲ್ಲ. ಎಲ್ಲಿವೆಯೆಂದು ಆ ಊರಿನವರನ್ನು ಕೇಳಿ, ಅವರು ಬೇಡವೆಂದರೆ ಬೇಡ.

ಅಣೆಕಟ್ಟಿನ ಕೆಳಗಿನ ನಡಿಗೆಯ ಲೆಕ್ಕ ಬೇರೆ. ಹಾರಂಗಿ ಜಲಾಶಯದಿಂದ ಕೂಡಿಗೆಯ ಸಂಗಮದವರೆಗಿನ ಹೊಳೆ ಮಳೆಯನ್ನಷ್ಟೇ ಅಲ್ಲ, ಗೇಟನ್ನೂ ಕೇಳುತ್ತದೆ. ಜಲಾಶಯ ತುಂಬಿರುವ ತಿಂಗಳುಗಳಲ್ಲಿ ಆ ಪಾತ್ರಕ್ಕೆ ನಾನು ಯಾರನ್ನೂ ಇಳಿಸುವುದಿಲ್ಲ.

ಹಾಗಾದರೆ ಯಾವಾಗ ಬರಬೇಕು? ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲಿನಿಂದ ಫೆಬ್ರುವರಿ ಮುಗಿಯುವವರೆಗೆ ಬನ್ನಿ. ನೀರು ತಿಳಿಯಾಗಿರುತ್ತದೆ, ಜಿಗಣೆ ಕಡಿಮೆ, ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಗದ್ದಲ. ಐದಾರು ಕಿಲೋಮೀಟರ್ ಸಾಕು, ಅದೂ ಹೋಗಿ ಬರುವುದು ಸೇರಿ. ದಂಡೆಯ ಬಹುಪಾಲು ಯಾರದೋ ತೋಟ, ಉಳಿದದ್ದು ಅರಣ್ಯ. ತೋಟದವರ ಒಪ್ಪಿಗೆ ಅಥವಾ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೇಲಿ ದಾಟಬೇಡಿ. ಬೆಳಿಗ್ಗೆ ಎಂಟಕ್ಕೆ ಹೊರಟು, ಮಧ್ಯಾಹ್ನ ಎರಡಕ್ಕೆ ರಸ್ತೆ ಸೇರುವಂತೆ ನೋಡಿಕೊಳ್ಳಿ. ಸಂಜೆ ಹೊಳೆಗೆ ನೀರು ಕುಡಿಯಲು ಬರುವ ಕಾಡಾನೆಗಳಿಗೆ ನಿಮ್ಮ ಕಾರ್ಯಕ್ರಮ ಗೊತ್ತಿಲ್ಲ. ದಾರಿಯಲ್ಲಿ ಹಸಿ ಲದ್ದಿ ಕಂಡರೆ ಫೋಟೊ ತೆಗೆಯುತ್ತ ನಿಲ್ಲದೆ ಬಂದ ದಾರಿಯಲ್ಲೇ ಮರಳಿ.

ಹೊರಡುವ ಮುನ್ನ ಒಂದು ಫೋನ್ ಮಾಡಿ, ನಿಮ್ಮ ಹೋಮ್‌ಸ್ಟೇಯವರಿಗೆ ಮಾತ್ರವಲ್ಲ. ಭಾಗಮಂಡಲದಲ್ಲೋ ನಾಪೋಕ್ಲಿನಲ್ಲೋ ಪರಿಚಯದವರಿದ್ದರೆ ನಿನ್ನೆ ರಾತ್ರಿ ಮಳೆ ಹೇಗಿತ್ತು ಎಂದು ಕೇಳಿ. ಯಾರೂ ಇಲ್ಲದಿದ್ದರೆ ನಿಮ್ಮನ್ನು ಕರೆದುಕೊಂಡು ಹೋಗುವವನಿಗೆ ಆ ಕೆಲಸ ವಹಿಸಿ. ಅವನು ‘ಏನೂ ಆಗುವುದಿಲ್ಲ, ಬನ್ನಿ’ ಎಂದು ಕೇಳದೆಯೇ ಹೇಳಿದರೆ ಬೇರೆಯವನನ್ನು ಹುಡುಕಿ. ದಂಡೆಯ ಅನೇಕ ಕಡೆ ಮೊಬೈಲ್ ಸಿಗ್ನಲ್ ಸಿಗದ ಕಾರಣ ಈ ವಿಚಾರಣೆ ಮನೆಯಲ್ಲೇ ಮುಗಿಯಬೇಕು. ಇಷ್ಟಾದರೂ ತೋಡು ಏರಿ ಆಚೆ ದಡದಲ್ಲಿ ಸಿಕ್ಕಿಕೊಂಡಿರೋ, ಕೈ ಕೈ ಹಿಡಿದು ದಾಟುವ ಸಾಹಸ ಬೇಡ. ಎತ್ತರದ ಜಾಗಕ್ಕೆ ಹೋಗಿ, ಮಕ್ಕಳ ತಲೆ ಒರೆಸಿ, ಸಿಗ್ನಲ್ ಸಿಕ್ಕರೆ 112ಕ್ಕೆ ಕರೆ ಮಾಡಿ, ನೀರು ಇಳಿಯುವವರೆಗೆ ಅಲ್ಲೇ ಇರಿ. ಸಣ್ಣ ತೋಡು ಏರಿದಷ್ಟೇ ಬೇಗ ಇಳಿಯುವುದೂ ಉಂಟು.