ಎರರ್ ಕೊಡದ ಫಂಕ್ಷನ್ನಿಗೇ ಕಾಮೆಂಟ್ ಬೇಕು

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಎರಡು ಲಾರಿ ಕಾಟಾಗಳಿವೆ. ದಿನಾ ರಾತ್ರಿ ಎರಡರ ತೂಕದ ಚೀಟಿಗಳನ್ನೂ ಆಫೀಸಿನ ಕಂಪ್ಯೂಟರಿಗೆ ನಕಲು ಮಾಡುವ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ; ಅದನ್ನು ಓದಿ ನಡೆಸುವ ಪ್ರೋಗ್ರಾಂ ಶೆಲ್) ನಾನೇ ಬರೆದದ್ದು. ಅಲ್ಲಿದ್ದ ಹಳೆಯ ಲಿನಕ್ಸ್ ಸೆಂಟ್‌ಓಎಸ್ 7ರಲ್ಲಿ ಅದು ತನ್ನ ಪಾಡಿಗೆ ಓಡುತ್ತಿತ್ತು. 2024ರ ಜೂನ್‌ಗೆ ಸೆಂಟ್‌ಓಎಸ್ 7ರ ಸಪೋರ್ಟ್ ಮುಗಿಯಿತು. ಇನ್ನೊಂದು ಲಿನಕ್ಸ್ ಆದ ಉಬುಂಟು ಹಾಕಿದೆ. ಸ್ಕ್ರಿಪ್ಟನ್ನು ಹಾಗೇ ತಂದಿಟ್ಟೆ.

ಮಾರನೇ ಬೆಳಿಗ್ಗೆಯೇ ಗುಮಾಸ್ತರ ಫೋನ್. "ಸರ್, ಚೀಟಿ ಒಂದೂ ಬಂದಿಲ್ರೀ. ಸ್ಕ್ರೀನ್ ಮ್ಯಾಲೆ ಏನೋ ಇಂಗ್ಲಿಷ್‌ನ್ಯಾಗ ಬಂದೈತ್ರೀ."

ಬಂದದ್ದು ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯಲ್ಲೇ ತಪ್ಪು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬಿನ್ ಎಸ್‌ಎಚ್ ಅಂತ ಇತ್ತು, ಯಾವ ಶೆಲ್ ಬೇಕೆಂದು ಹೇಳುವ ಸಾಲು ಅದು. ಸೆಂಟ್‌ಓಎಸ್‌ನಲ್ಲಿ ಆ ಹೆಸರಿನ ಹಿಂದೆ ಇರುವುದು ಬ್ಯಾಶ್ ಎಂಬ ಶೆಲ್. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದಲೂ ಡ್ಯಾಶ್ ಎಂಬ ಬೇರೆ ಶೆಲ್. ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಆಜ್ಞೆಗಳ ಗುಂಪು) ಬರೆಯುವಾಗ ನನಗೋ ಮೊದಲಿಂದ ಒಂದು ಚಾಳಿ: 'ಫಂಕ್ಷನ್' ಎಂಬ ಪದ, ಆಮೇಲೆ ಹೆಸರು, ಆಮೇಲೆ ಖಾಲಿ ಬ್ರಾಕೆಟ್. ಬ್ಯಾಶ್ ಇದಕ್ಕೆ ತಕರಾರು ಮಾಡುವುದಿಲ್ಲ. ಡ್ಯಾಶ್‌ಗೆ ಆ ಪದವೇ ಗೊತ್ತಿಲ್ಲ. ಶೆಲ್‌ಗಳಿಗೆಲ್ಲ ಸಾಮಾನ್ಯವಾದ ಮಾನದಂಡ ಪೋಸಿಕ್ಸ್, ಅದರ ಪ್ರಕಾರ ಹೆಸರು ಮತ್ತು ಖಾಲಿ ಬ್ರಾಕೆಟ್ ಇದ್ದರೆ ಸಾಕು. ಹೆಸರಿನ ನಡುವೆ ಹೈಫನ್ ಇದ್ದರೂ ಡ್ಯಾಶ್ ಬಿಡುವುದಿಲ್ಲ. ಐದು ನಿಮಿಷದಲ್ಲಿ ಸರಿ ಮಾಡಿದೆ. ಇಂಥದ್ದಕ್ಕೆ ಕಾಮೆಂಟ್ (ಓದುವವರಿಗಾಗಿ ಸ್ಕ್ರಿಪ್ಟಿನಲ್ಲೇ ಬಿಡುವ ಟಿಪ್ಪಣಿ) ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ತಪ್ಪಾದರೆ ಮಷಿನ್ನೇ ಬಾಯಿಬಿಟ್ಟು ಹೇಳುತ್ತದೆ, ಅಲ್ವಾ?

ಎರಡನೇ ತಪ್ಪು ಹಾಗೆ ಹೇಳಲಿಲ್ಲ.

ನಕಲು ಮಾಡುವ ಫಂಕ್ಷನ್ 'ಕಾಟಾ' ಎಂಬ ವೇರಿಯಬಲ್ (ಬೆಲೆ ಇಡುವ ಹೆಸರು) ನೋಡುತ್ತದೆ. ಅದರಲ್ಲಿ ಏನೂ ಇಲ್ಲದಿದ್ದರೆ ಒಂದನೇ ಕಾಟಾ ಎಂದುಕೊಳ್ಳುತ್ತದೆ. ಎರಡನೇ ಕಾಟಾ ಸಂಜೆ ಬೇಗ ಮುಚ್ಚುತ್ತದೆ, ಹಾಗಾಗಿ ಮೊದಲ ತಪ್ಪು ಸರಿ ಮಾಡುವಾಗ ಅದರದ್ದನ್ನು ಮೊದಲಿಗೆ ತಂದಿದ್ದೆ. ಒಂದೇ ಸಾಲಿನಲ್ಲಿ ಕಾಟಾಕ್ಕೆ 2 ಎಂದು ಕೊಟ್ಟು, ಪಕ್ಕದಲ್ಲೇ ಫಂಕ್ಷನ್ ಹೆಸರು ಬರೆದಿದ್ದೆ. ಮುಂದಿನ ಸಾಲಿನಲ್ಲಿ ಬರೀ ಫಂಕ್ಷನ್ ಹೆಸರು. ಬ್ಯಾಶ್ ಅನ್ನು ಎಸ್‌ಎಚ್ ಎಂದಲ್ಲದೆ ಅದರ ಹೆಸರಿನಲ್ಲೇ ಓಡಿಸಿದರೆ ಆ 2 ಫಂಕ್ಷನ್ ಮುಗಿದ ಕೂಡಲೇ ಹೋಗುತ್ತದೆ. ಮಿಲ್‌ನ ಹೊಸ ಮಷಿನ್ನಿನ ಡ್ಯಾಶ್‌ನಲ್ಲಿ ಹೋಗಲಿಲ್ಲ. ಎರಡನೇ ಕಾಟಾದ ಚೀಟಿಗಳೇ ಎರಡು ಸಲ ನಕಲಾದವು. ಒಂದನೆಯದು ಬರಲೇ ಇಲ್ಲ. ಎರರ್ ಇಲ್ಲ, ಕೊನೆಯಲ್ಲಿ 'ಮುಗಿಯಿತು' ಅಂತ ಸಂದೇಶ ಬೇರೆ. ಗೊತ್ತಾಗಿದ್ದು ಒಂಬತ್ತು ದಿನ ಕಳೆದ ಮೇಲೆ, ಅದೂ ಭತ್ತದ ಸೀಸನ್‌ನಲ್ಲಿ.

ಡ್ಯಾಶ್‌ನ ತಪ್ಪು ಅನ್ನೋಣವೆಂದರೆ ಅದೂ ಅಲ್ಲ. ಹೀಗೆ ಕೊಟ್ಟ ಬೆಲೆ ಫಂಕ್ಷನ್ ಮುಗಿದ ಮೇಲೆ ಉಳಿಯಬೇಕೋ ಬೇಡವೋ ಎಂಬುದನ್ನು ಪೋಸಿಕ್ಸ್ ಆಯಾ ಶೆಲ್‌ಗೇ ಬಿಟ್ಟಿದೆ. ಈಗ ಆ ಫಂಕ್ಷನ್ ಮೇಲೆ ಹೀಗೆ ಬರೆದಿದ್ದೇನೆ: "ಕಾಟಾ ನಂಬರನ್ನು ಆರ್ಗ್ಯುಮೆಂಟ್ ಆಗಿಯೇ (ಫಂಕ್ಷನ್ ಹೆಸರಿನ ನಂತರ) ಕೊಡಿ. ಹೆಸರಿಗಿಂತ ಮೊದಲು ಕೊಟ್ಟರೆ ಡ್ಯಾಶ್‌ನಲ್ಲಿ ಅದು ಮುಂದಿನ ಕರೆಗೂ ಅಂಟಿಕೊಳ್ಳುತ್ತದೆ. ಲಕ್ಷಣ: ಒಂದೇ ಕಾಟಾದ ಚೀಟಿ ಎರಡು ಸಲ." ಲಕ್ಷಣ ಬರೆಯುವುದನ್ನು ಬಿಡಬೇಡಿ. ರಾತ್ರಿ ಹತ್ತಕ್ಕೆ ಫೈಲ್ ತೆರೆಯುವವನಿಗೆ ಕಾರಣ ಗೊತ್ತಿರುವುದಿಲ್ಲ, ಕಣ್ಣೆದುರು ಇರುವುದು ಲಕ್ಷಣ ಮಾತ್ರ.

ವೇರಿಯಬಲ್ಲನ್ನು ಫಂಕ್ಷನ್ನಿನ ಒಳಗಷ್ಟೇ ಇರಿಸುವ 'ಲೋಕಲ್' ಪದದ ವಿಷಯದಲ್ಲಿ ಇನ್ನೊಂದು ತಮಾಷೆ. ಬ್ಯಾಶ್, ಡ್ಯಾಶ್, ಬಿಸಿಬಾಕ್ಸ್ ಮೂರರ ಶೆಲ್‌ಗಳಲ್ಲೂ ಅದು ಇದೆ. ಹಾಗಾಗಿ ಅದು ಪೋಸಿಕ್ಸ್‌ನಲ್ಲಿ ಇಲ್ಲ ಎಂಬುದೇ ಮರೆತುಹೋಗುತ್ತದೆ. ಕಾರ್ನ್ ಶೆಲ್ 93 ಎಂಬ ಇನ್ನೊಂದು ಶೆಲ್‌ನಲ್ಲಿ ಅದು ಇಲ್ಲ. ಅಲ್ಲಿ 'ಟೈಪ್‌ಸೆಟ್' ಬಳಸಬೇಕು. ಆದರೆ 'ಫಂಕ್ಷನ್' ಪದ ಹಾಕಿ ಬರೆದ ಫಂಕ್ಷನ್ನಿನಲ್ಲಿ ಮಾತ್ರ ಅದು ಒಳಗಿನದ್ದಾಗಿ ಉಳಿಯುತ್ತದೆ. ಖಾಲಿ ಬ್ರಾಕೆಟ್ ರೂಪದಲ್ಲಿ ಬರೆದರೆ ವೇರಿಯಬಲ್ ಇಡೀ ಸ್ಕ್ರಿಪ್ಟಿನದ್ದಾಗುತ್ತದೆ, ಅದೂ ಸದ್ದಿಲ್ಲದೆ. ಡ್ಯಾಶ್‌ಗಾಗಿ ಕಿತ್ತು ಹಾಕಿದ ಪದವೇ ಇಲ್ಲಿ ಬೇಕು! ನಾನು ಆ ಜಗಳಕ್ಕೇ ಹೋಗುವುದಿಲ್ಲ. ಫಂಕ್ಷನ್ನಿನ ಮೈಯನ್ನು ಕರ್ಲಿ ಬ್ರಾಕೆಟ್ ಬದಲು ದುಂಡು ಬ್ರಾಕೆಟ್ಟಿನಲ್ಲಿ ಬರೆಯುತ್ತೇನೆ. ಆಗ ಅದು ಸಬ್‌ಶೆಲ್‌ನಲ್ಲಿ, ಅಂದರೆ ಶೆಲ್‌ನ ಬೇರೊಂದು ಪ್ರತಿಯಲ್ಲಿ ಓಡುತ್ತದೆ, ಒಳಗಿನದ್ದು ಒಳಗೇ. ಆದರೆ ಒಳಗೆ 'ಎಕ್ಸಿಟ್' ಎಂದರೆ ಸಬ್‌ಶೆಲ್ ಅಷ್ಟೇ ಮುಗಿಯುತ್ತದೆ, ಸ್ಕ್ರಿಪ್ಟ್ ಮುಂದೆ ಓಡುತ್ತಲೇ ಇರುತ್ತದೆ. ಇದೂ ಸದ್ದು ಮಾಡದ ತಪ್ಪೇ, ಆದ್ದರಿಂದ ಇದಕ್ಕೂ ಒಂದು ಸಾಲು ಕಾಮೆಂಟ್.

ಫಂಕ್ಷನ್ನನ್ನು ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಸ್ಕ್ರಿಪ್ಟಿಗೆ ದಾಟಿಸುವ ಬ್ಯಾಶ್ ಸೌಲಭ್ಯವನ್ನಂತೂ ಕೈಬಿಡಿ. ಡ್ಯಾಶ್‌ನಲ್ಲಿ ಅದು ನಡೆಯುವುದಿಲ್ಲ. 2014ರ ಶೆಲ್‌ಶಾಕ್ ಎಂಬ ಭದ್ರತಾ ದೋಷದ ಗಲಾಟೆ ಹುಟ್ಟಿದ್ದೂ ಅಲ್ಲಿಂದಲೇ.

ಮೊದಲ ಸಾಲಿನಲ್ಲಿ ಎಸ್‌ಎಚ್ ಇದ್ದರೆ, ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಎಂಬ ಪ್ರೋಗ್ರಾಂ 'ಫಂಕ್ಷನ್', 'ಲೋಕಲ್' ಎರಡನ್ನೂ ಎತ್ತಿ ತೋರಿಸುತ್ತದೆ. ಡ್ಯಾಶ್‌ಗೆ ಎನ್ ಆಯ್ಕೆ ಕೊಟ್ಟರೆ ಸ್ಕ್ರಿಪ್ಟ್ ಓಡಿಸದೆ ಸಿಂಟ್ಯಾಕ್ಸ್ ಮಾತ್ರ ನೋಡುತ್ತದೆ. ನನ್ನ ಮೊದಲ ತಪ್ಪು ಇದರಲ್ಲಿ ಸಿಕ್ಕಿಬೀಳುತ್ತಿತ್ತು. ಎರಡನೆಯದು ಸಿಗುತ್ತಿರಲಿಲ್ಲ. ಅದಕ್ಕೆ ಎರಡು ಕಾಟಾಕ್ಕೂ ಬೇರೆ ಬೇರೆ ಸುಳ್ಳು ಚೀಟಿ ಇಟ್ಟು, ಬ್ಯಾಶ್‌ನಲ್ಲೊಮ್ಮೆ, ಡ್ಯಾಶ್‌ನಲ್ಲೊಮ್ಮೆ ಓಡಿಸಿ, ಬಂದ ಫೈಲ್‌ಗಳನ್ನು ಹೋಲಿಸಿ ನೋಡಬೇಕಿತ್ತು. ನೋಡಿರಲಿಲ್ಲ. ಕಾಗದದ ಚೀಟಿಗಳ ಕಟ್ಟು ಬಿಚ್ಚಿ, ಗುಮಾಸ್ತರು ನಂಬರ್ ಓದಿದರು, ನಾನು ಒಂಬತ್ತು ದಿನದ ತೂಕ ಟೈಪ್ ಮಾಡಿದೆ.