ಅಣಬೆ ತಿಂದರೆ ಮಾಂಸದ ಲೆಕ್ಕ ಸರಿಹೋಗಲ್ಲ

ಬೇಸಿಗೆಯಲ್ಲಿ ಎಳೆ ಹಲಸು, ಮಳೆ ಹಿಡಿದರೆ ಕುಮ್ಮು (ಅಣಬೆ) ಮತ್ತು ಬೈಂಬಳೆ (ಕಳಲೆ). "ಪಂದಿ ಕರಿ (ಹಂದಿ ಮಾಂಸದ ಸಾರು) ಬಿಟ್ಟೆ ಮೇಡಂ, ಈಗ ಇದನ್ನೇ ತಿಂತಾ ಇದ್ದೇನೆ" ಎನ್ನುವವರು ಮಡಿಕೇರಿಯಲ್ಲಿ ಆಹಾರದ ಸಲಹೆಗೆ ನನ್ನ ಹತ್ತಿರ ವರ್ಷವಿಡೀ ಬರುತ್ತಾರೆ. ಒಬ್ಬರಿಗೆ ಯೂರಿಕ್ ಆಸಿಡ್ ಜಾಸ್ತಿ, ಇನ್ನೊಬ್ಬರಿಗೆ ಕೊಲೆಸ್ಟ್ರಾಲ್. ಮತ್ತೊಬ್ಬರ ಮನೆಯಲ್ಲಿ ಬೆಂಗಳೂರಿಂದ ಬಂದ ಮಗಳು ಸಸ್ಯಾಹಾರಿ ಆಗಿದ್ದಾಳೆ. ಕಾರಣ ಏನೇ ಇರಲಿ, ಮಾಂಸ ಬಿಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ತಟ್ಟೆಯಲ್ಲಿ ಖಾಲಿಯಾದ ಆ ಜಾಗಕ್ಕೆ ಅಣಬೆ ಬಂದು ಕೂತರೆ ಮಾತ್ರ ತಕರಾರು.

ಅಣಬೆಯಲ್ಲಿ ಪ್ರೋಟೀನ್ ಇಲ್ಲವೇ ಎಂದು ಕೇಳುತ್ತಾರೆ. ಇದೆ. ಎಷ್ಟಿದೆ ನೋಡಿ. 100 ಗ್ರಾಂ ಹಸಿ ಬಟನ್ ಅಣಬೆಯಲ್ಲಿ ಸುಮಾರು 3 ಗ್ರಾಂ. ಅಂಗಡಿಯಿಂದ 200 ಗ್ರಾಂ ಡಬ್ಬಿ ತರುತ್ತೀರಿ, ಹೆಚ್ಚಿ ಬಾಣಲೆಗೆ ಹಾಕುತ್ತೀರಿ. ಐದು ನಿಮಿಷದಲ್ಲಿ ನೀರು ಬಿಟ್ಟುಕೊಂಡು ಅರ್ಧಕ್ಕಿಳಿಯುತ್ತದೆ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಆ ಕರಿಯನ್ನು ನಾಲ್ಕು ಜನಕ್ಕೆ ಬಡಿಸಿದರೆ ತಲಾ ಒಂದೂವರೆ ಗ್ರಾಂ ಪ್ರೋಟೀನ್ ಬಂತು. ಪಕ್ಕದಲ್ಲಿರುವ ಎರಡು ಕಡಂಬುಟ್ಟಿನಲ್ಲಿ (ಅಕ್ಕಿ ತರಿಯ ಕಡುಬು) ಅದಕ್ಕಿಂತ ಜಾಸ್ತಿ ಇರುತ್ತದೆ! ಎಳೆ ಹಲಸು, ಬೈಂಬಳೆ ಕೂಡ ಅಷ್ಟಕ್ಕಷ್ಟೇ, 100 ಗ್ರಾಂಗೆ 2ರಿಂದ 3 ಗ್ರಾಂ. ಬೇಯಿಸಿದ ಹಂದಿ ಮಾಂಸದಲ್ಲಿ, ಕೊಬ್ಬು ಬಿಟ್ಟು ಬರೀ ಮಾಂಸದ ಲೆಕ್ಕ ಹಿಡಿದರೆ, 25 ಗ್ರಾಂ ಆಸುಪಾಸು.

ಹಲಸಿನ ನಾರು ಬಿಡಿಸಿದರೆ ಮಟನ್ ತರಹವೇ ಕಾಣುತ್ತದೆ. ಹುರಿದ ಕೊತ್ತಂಬರಿ, ಜೀರಿಗೆ, ಕರಿಮೆಣಸಿನ ಕಪ್ಪು ಮಸಾಲೆಯಲ್ಲಿ ಕುದಿಸಿ ಕೊಡಗಿನ ಹುಳಿರಸ ಕಾಚಂಪುಳಿ ಬಿಟ್ಟರೆ ವಾಸನೆಯೂ ಹೆಚ್ಚೂಕಡಿಮೆ ಅದೇ. ಹಲ್ಲಿಗೆ ಮೋಸವಾಗುತ್ತದೆ, ಸ್ನಾಯುಗಳಿಗೆ ಆಗುವುದಿಲ್ಲ. ಅಣಬೆ, ಹಲಸು ತಿನ್ನಬೇಡಿ ಅಂತ ಅಲ್ಲ. ನಾರು ಇದೆ, ರುಚಿ ಇದೆ, ಧಾರಾಳವಾಗಿ ತಿನ್ನಿ. ಅವು ಪಲ್ಯದ ಲೆಕ್ಕಕ್ಕೆ ಬರಲಿ. ಮಾಂಸ ಇದ್ದ ಜಾಗಕ್ಕೆ ಬೇರೊಂದು ಬೇಕು, ಅಷ್ಟೇ. ಇದನ್ನು ನಾನು ಬರೆದು ಕೊಡುತ್ತೇನೆ, ಚಿತ್ರ ಬಿಡಿಸಿ ತೋರಿಸುತ್ತೇನೆ, ತಲೆ ಆಡಿಸುತ್ತಾರೆ. ಮುಂದಿನ ತಿಂಗಳು ಬಂದು ಹೇಳುತ್ತಾರೆ: "ಈ ಸಲ ಚಿಪ್ಪು ಅಣಬೆ ತಂದೆ ಮೇಡಂ."

ಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರು ತಿಂದದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದು ತಂದಿದ್ದರು. ಗೆರೆ ಎಳೆದು, ತಾರೀಕು ಹಾಕಿ, ಎಷ್ಟು ಅಚ್ಚುಕಟ್ಟು ಅಂದರೆ ನನ್ನ ಬೇರೆ ಪೇಷೆಂಟ್‌ಗಳಿಗೂ ತೋರಿಸೋಣ ಅನ್ನಿಸಿತು. ಸೋಮವಾರ ಅಕ್ಕಿ ಒಟ್ಟಿ (ರೊಟ್ಟಿ), ಕುಮ್ಮು ಕರಿ. ಮಂಗಳವಾರ ನೂಪುಟ್ಟು (ಒತ್ತು ಶಾವಿಗೆ), ಬೈಂಬಳೆ. ಬುಧವಾರ ಅನ್ನ, ಕೆಸುವಿನ ಪಲ್ಯ. ಹುಡುಕಿ ನೋಡಿದರೆ ಇಡೀ ವಾರದಲ್ಲಿ ಬೇಳೆ ಒಂದು ಸಲ, ಮೊಸರು ಇಲ್ಲವೇ ಇಲ್ಲ. ರಾಜಾಸೀಟ್ ಕಡೆ ವಾಕಿಂಗ್ ಹೋದರೆ ಕಾಲು ಸೋಲುತ್ತದೆ ಎಂದು ಅವರ ದೂರು. "ಅದಕ್ಕೇ ಹೇಳೋದು, ನಮ್ಮ ಮೈಗೆ ಪಂದಿ ಬೇಕೇ ಬೇಕು" ಎಂದು ತೀರ್ಪನ್ನೂ ಅವರೇ ಕೊಟ್ಟರು. ಸುಸ್ತಿಗೆ ಹತ್ತು ಕಾರಣ ಇರಬಹುದು. ಹಾಗಾಗಿ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆಗೆ ಡಾಕ್ಟರ ಹತ್ತಿರ ಕಳಿಸಿದೆ. ಜೊತೆಗೆ ಅವರ ಮುಂದೆಯೇ ಕೂಡಿ ತೋರಿಸಿದೆ. ದೇಶದ ಪೋಷಣಾ ಸಂಶೋಧನಾ ಸಂಸ್ಥೆಯಾದ ಐಸಿಎಂಆರ್-ಎನ್ಐಎನ್‌ನ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದರೆ ಸುಮಾರು 50 ಗ್ರಾಂ. ಅವರ ಸೋಮವಾರ ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ತುಲಾ ಸಂಕ್ರಮಣಕ್ಕೆ ಮಾಂಸ ಬಿಟ್ಟು ದೋಸೆ, ಕುಂಬಳ ಕರಿ ತಿನ್ನುವುದು ಒಂದು ದಿನದ ಮಾತು. ತಿಂಗಳುಗಟ್ಟಲೆ ಅದೇ ತರಹ ಉಂಡರೆ ಮೈ ಕೇಳುವುದಿಲ್ಲ.

ಹಾಗಾದರೆ ಏನು ತಿನ್ನಬೇಕು? ನನ್ನ ಮೊದಲ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ: ಕಾಳು. ಕಡಲೆ, ಹುರುಳಿ, ಅಲಸಂದೆ, ಅವರೆ, ಹೆಸರು. ಒಣ ಕಾಳಿನಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ, ಬೆಂದ ಮೇಲೆ ನೀರು ಸೇರಿ 8-9ಕ್ಕೆ ಇಳಿಯುತ್ತದೆ. ಶುಕ್ರವಾರದ ಸಂತೆಯಲ್ಲಿ ಸಿಗುವ ಈ ಕಾಳು ಬಿಟ್ಟು ದುಬಾರಿ ಫ್ರೋಜನ್ ಪ್ಯಾಕೆಟ್ ಯಾಕೆ ಹುಡುಕುತ್ತಾರೋ ಗೊತ್ತಿಲ್ಲ. ಪಂದಿ ಮಸಾಲೆಗೆ ಕಪ್ಪು ಕಡಲೆ ಚೆನ್ನಾಗಿ ಹೊಂದುತ್ತದೆ. ಆದರೆ ಕಾಚಂಪುಳಿಯನ್ನು ಕೊನೆಗೆ ಹಾಕಿ. ಹುಳಿ ಮೊದಲೇ ಬಿದ್ದರೆ ಕಾಳು ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತದೆ. ರಾಜ್ಮಾ ಆದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕುದಿಸಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಬೈಂಬಳೆ ನೆನೆಸಿ ನೀರು ಬದಲಿಸುವುದನ್ನು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

ಮಾಂಸದ ತರಹ ಅಗಿಯಲು ಸಿಗಲೇಬೇಕು ಅನ್ನುವವರಿಗೆ ಸೋಯಾ ಚಂಕ್ಸ್, ಅಂದರೆ ಮೀಲ್ ಮೇಕರ್. ಇಲ್ಲೂ ಜನ ಲೆಕ್ಕ ತಪ್ಪುತ್ತಾರೆ. ಪ್ಯಾಕೆಟ್ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಎಂದಿರುತ್ತದೆ, ಅದು ಒಣ ತೂಕಕ್ಕೆ. ನೆನೆಸಿದರೆ ನೀರು ಕುಡಿದು ಎರಡು ಮೂರು ಪಟ್ಟು ಭಾರವಾಗುತ್ತದೆ. ಬಟ್ಟಲು ತುಂಬಾ ನೆಂದ ಚಂಕ್ಸ್ ನೋಡಿ "50 ಗ್ರಾಂ ಸಿಕ್ಕಿತು" ಅನ್ನಬೇಡಿ. ಒಬ್ಬರಿಗೆ 30 ಗ್ರಾಂ ಒಣ ಚಂಕ್ಸ್ ತೂಗಿ, ಸುಮಾರು 15 ಗ್ರಾಂ ಪ್ರೋಟೀನ್. ಒಂದು ಹೊತ್ತಿಗೆ ಒಳ್ಳೆಯದೇ.

ಚಂಕ್ಸ್ ಹಸಿ ವಾಸನೆ ಎನ್ನುವವರು ಹಿಂಡುವುದೇ ಇಲ್ಲ. ಉಪ್ಪು ಹಾಕಿದ ಬಿಸಿ ನೀರಲ್ಲಿ ಹತ್ತು ನಿಮಿಷ ಬಿಡಿ, ಹಿಂಡಿ, ತಣ್ಣೀರಲ್ಲಿ ತೊಳೆದು ಇನ್ನೊಮ್ಮೆ ಗಟ್ಟಿಯಾಗಿ ಹಿಂಡಿ. ಖಾಲಿಯಾದ ಆ ತೂತುಗಳಿಗೆ ಮಸಾಲೆ ಇಳಿಯಬೇಕು. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವುದರಿಂದ ಅದರಲ್ಲಿ ಜಿಡ್ಡೇ ಇಲ್ಲ, ಒಂದು ಚಮಚ ಎಣ್ಣೆಯಲ್ಲಿ ಹುರಿದು ಆಮೇಲೆ ಮಸಾಲೆಗೆ ಹಾಕಿ. ಆ ನಿವೃತ್ತರ ಪತ್ನಿ ಹೀಗೆ ಮಾಡಿ ಡಬ್ಬಿಯಲ್ಲಿ ನನಗೂ ತಂದಿದ್ದರು. ಕಾಚಂಪುಳಿ ಸ್ವಲ್ಪ ಜಾಸ್ತಿಯೇ ಇತ್ತು. ಡಬ್ಬಿ ತೊಳೆದು ವಾಪಸ್ ಕೊಟ್ಟೆ.

ಪನೀರ್‌ನಲ್ಲಿ 100 ಗ್ರಾಂಗೆ 18 ಗ್ರಾಂ ಆಸುಪಾಸು ಪ್ರೋಟೀನ್ ಇದೆ, ಆದರೆ ಕೊಬ್ಬೂ ಹೆಚ್ಚೂಕಡಿಮೆ ಅಷ್ಟೇ. ಕೊಲೆಸ್ಟ್ರಾಲ್‌ಗೆ ಅಂತ ಹಂದಿ ಬಿಟ್ಟು ದಿನಾ ಪನೀರ್ ತಿಂದರೆ ಏನು ಬಂತು? ಟಿಬೆಟನ್ನರ ಬೈಲಕುಪ್ಪೆ ಕಡೆ ತಿಂದು ರುಚಿ ಹಿಡಿದವರಿಗೆ ತೋಫು ಒಳ್ಳೆಯ ಆಯ್ಕೆ, ಗಟ್ಟಿ ತೋಫು ನೋಡಿ ತನ್ನಿ. ಸೋಯಾ ಚಾಪ್‌ನಲ್ಲಿ ಮೈದಾ ಬಹಳ ಇರುತ್ತದೆ. ಪ್ಯಾಕೆಟ್ ಹಿಂದೆ ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಸಿ ಬರೆದಿರುತ್ತಾರೆ. ಮೊದಲ ಹೆಸರೇ ಮೈದಾ ಆದರೆ ಅಲ್ಲೇ ಇಡಿ. ಫ್ರೋಜನ್ 'ವೆಜ್ ಮಟನ್' ಆದರೆ ಸೋಡಿಯಂ ಎಷ್ಟಿದೆ ಎಂದೂ ಓದಿ, ಬಿಪಿ ಇರುವವರು ಮುಖ್ಯವಾಗಿ.

ಇವು ಯಾವುದರಿಂದಲೂ ಪೂರ್ತಿ ತುಂಬದ್ದು ಬಿ12. ಕಾಳು, ಸೋಯಾಗಳಲ್ಲಿ ಅದು ಸಹಜವಾಗಿ ಇರುವುದಿಲ್ಲ. ಹಾಲು, ಮೊಸರು, ಒಪ್ಪುವವರಿಗೆ ಮೊಟ್ಟೆ. ಸಾಲದಿದ್ದರೆ ಡಾಕ್ಟರನ್ನು ಕೇಳಿ ಮಾತ್ರೆ. ಕಾಳಿನ ಕಬ್ಬಿಣಾಂಶ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ, ಊಟದ ಜೊತೆ ನಿಂಬೆ ಹಿಂಡಿಕೊಂಡರೆ ಅನುಕೂಲ. ಊಟ ಮುಗಿದ ಕೂಡಲೇ ಕಾಫಿ ಕುಡಿದರೆ ಅದೂ ಕಡಿಮೆಯಾಗುತ್ತದೆ. ಕಾಫಿ ತೋಟದವರಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ಕಾಫಿ ಬಿಡಿ ಎಂದಿಲ್ಲ, ಒಂದು ಗಂಟೆ ತಡೆಯಿರಿ ಎಂದೆ. ಕಿಡ್ನಿ ತೊಂದರೆ ಇರುವವರು ಈ ಯಾವ ಲೆಕ್ಕವನ್ನೂ ತಾವಾಗಿ ಹಾಕಿಕೊಳ್ಳಬೇಡಿ. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾವನ್ನು ಅದರ ಹತ್ತಿರಕ್ಕೆ ತರದೆ ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ ಇದೆ, ಗಂಡಸರು ಹೆಂಡತಿ ಹೊರಗೆ ಹೋದ ಮೇಲೆ ದನಿ ತಗ್ಗಿಸಿ ಕೇಳುವಂಥದ್ದು. ಸೋಯಾ ತಿಂದರೆ ಗಂಡಸುತನಕ್ಕೆ ಏನಾದರೂ? ಊಟದ ಪ್ರಮಾಣದಲ್ಲಿ ತಿಂದರೆ ಟೆಸ್ಟೋಸ್ಟಿರಾನ್ ಇಳಿಯುವುದಿಲ್ಲ ಎಂದೇ ಇದುವರೆಗಿನ ಅಧ್ಯಯನಗಳು ಹೇಳುತ್ತವೆ. ಧೈರ್ಯವಾಗಿ ತಿನ್ನಿ. ವಾರಕ್ಕೆ ಮೂರ್ನಾಲ್ಕು ಸಲ ಸಾಕು, ಉಳಿದ ದಿನ ಕಡಲೆ, ಹುರುಳಿ ಬೇಯಲಿ.