ಬೆಲ್ಲಕ್ಕೆ ಸಿಕ್ಕದ ದೂಳು

ಊರಿನ ಮಗ್ಗುಲಲ್ಲಿ ಜಲ್ಲಿ ಕ್ರಷರ್ ಬರುತ್ತದೆ ಎಂಬ ಸುದ್ದಿ ಹಬ್ಬಿದೊಡನೆ ಎಲ್ಲ ಕಡೆಯೂ ಒಂದೇ ಬಗೆಯ ಮಾತು ಕೇಳುತ್ತದೆ. ಗೋಡೆ ಬಿರುಕು ಬಿಡುತ್ತದೆ, ಬೋರ್‌ವೆಲ್ ಬತ್ತುತ್ತದೆ, ಟಿಪ್ಪರ್ ಓಡಾಡಿ ರಸ್ತೆ ಕಿತ್ತುಹೋಗುತ್ತದೆ, ದೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆಹುಳು ಮುಟ್ಟುವುದಿಲ್ಲ. ಇವು ಹುಸಿ ಭಯಗಳಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ಸಿಡಿದಾಗ ದೂರದ ಊರುಗಳ ಜನ ಭೂಕಂಪವೆಂದೇ ತಿಳಿದು ಬೀದಿಗೆ ಓಡಿಬಂದಿದ್ದರು. ಆದರೆ ನನ್ನನ್ನು ಹೆಚ್ಚು ಕಾಡುವುದು ದೂಳಿನ ವಿಷಯಕ್ಕೆ ಸಿಗುವ ಸಮಾಧಾನ: ‘ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ, ಎಲ್ಲ ಇಳಿದುಹೋಗುತ್ತದೆ.’

ಇಳಿಯುವುದಿಲ್ಲ. ಬೆಲ್ಲ ಹೋಗುವುದು ಅನ್ನನಾಳದಲ್ಲಿ, ದೂಳು ಹೋಗುವುದು ಶ್ವಾಸನಾಳದಲ್ಲಿ. ಗಂಟಲಿಗೆ ಅಂಟಿದ ಒರಟು ದೂಳು ಜೊಲ್ಲಿನ ಜೊತೆ ಜಾರಬಹುದು. ಆದರೆ ಹುಣಸೆ ಮರವನ್ನು ಬೆಳ್ಳಗಾಗಿಸುವ, ಹಲ್ಲಿಗೆ ಕರಕರ ಎನ್ನುವ ಆ ದೂಳಿಗೆ ನಾವು ಹೆದರಬೇಕಾದದ್ದು ಕಡಿಮೆ. ಹೆದರಬೇಕಾದದ್ದು ಕಣ್ಣಿಗೆ ಕಾಣದ ಸಣ್ಣ ದೂಳಿಗೆ.

ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ, ಸುಂಕು ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಸಣ್ಣ ಕಣದ ಗಾತ್ರ ಹತ್ತು ಪಾಲು ಇಳಿದರೆ ಅದು ಬೀಳುವ ವೇಗ ನೂರು ಪಾಲು ಇಳಿಯುತ್ತದೆ. ಹತ್ತು ಮೈಕ್ರಾನ್‌ನ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ, ಕಲ್ಲಿನ ಕಣ ಹತ್ತು ಮೀಟರ್ ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ನೆಲ ಮುಟ್ಟಲು ಸುಮಾರು 20 ನಿಮಿಷ ಬೇಕು. ಎರಡು ಮೈಕ್ರಾನ್‌ನದಕ್ಕೆ ಎಂಟು ಗಂಟೆಗೂ ಹೆಚ್ಚು. ಒಂದು ಮೈಕ್ರಾನ್‌ನದಕ್ಕೆ ಒಂದು ಹಗಲು ಒಂದು ರಾತ್ರಿ ಕಳೆದರೂ ಸಾಲದು. ಅಷ್ಟರಲ್ಲಿ ಸಾಧಾರಣ ಗಾಳಿಯೂ ಅದನ್ನು ಹತ್ತಾರು ಕಿಲೋಮೀಟರ್ ಒಯ್ದಿರುತ್ತದೆ. ಹೆಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಕಣಗಳು ಕುಣಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅವು ಬೀಳುವುದನ್ನು ನೋಡಿದವರು ಕಡಿಮೆ.

ಹಾಗಾದರೆ ಮರಳಿನಲ್ಲಿ ಆಡುವ ಮಗುವಿಗೇನು? ಅದೂ ಕ್ರಷರ್ ಒಡೆಯುವ ಕಲ್ಲಿನಲ್ಲಿರುವ ಬೆಣಚೇ, ಅಂದರೆ ಸಿಲಿಕಾದ ಗಟ್ಟಿ ಕಲ್ಲೇ, ಅಲ್ಲವೇ? ಹೌದು, ಆದರೆ ಹೊಳೆಯ ಮರಳಿನ ಕಾಳು ದೊಡ್ಡದು, ನೀರಿನಲ್ಲಿ ಉರುಳಿ ಉರುಳಿ ನುಣುಪಾದದ್ದು. ಕ್ರಷರ್ ಆಗತಾನೇ ಒಡೆದ ಬೆಣಚಿನ ಮೈ ಹಸಿಯಾಗಿ, ಚುರುಕಾಗಿರುತ್ತದೆ. ಇಂಥ ಕಣ ಶ್ವಾಸಕೋಶದ ತುದಿಯ ಗಾಳಿಚೀಲ ತಲುಪಿದರೆ ಅಲ್ಲಿನ ಕಾವಲು ಕೋಶ ಅದನ್ನು ರೋಗಾಣುವೆಂದು ನುಂಗುತ್ತದೆ. ರೋಗಾಣುವಾದರೆ ಅರಗುತ್ತಿತ್ತು, ಕಲ್ಲು ಅರಗೀತೇ? ಕೋಶವೇ ಒಡೆದು ಸಾಯುತ್ತದೆ, ಕಣ ಹೊರಗೆ ಬೀಳುತ್ತದೆ. ಅದೇ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಗಾಳ ಒಂದೇ, ಸಿಕ್ಕಿಬೀಳುವ ಮೀನು ಬೇರೆ ಬೇರೆ. ಪ್ರತಿ ಸಾವಿನ ಜಾಗದಲ್ಲೂ ಗಾಯದ ಕಲೆಯಂಥ ಗಡಸು ಅಂಗಾಂಶ ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಬೆಳೆದ ಕಲೆಯನ್ನು ಅಳಿಸುವ ಮದ್ದಿಲ್ಲ.

ಈ ಪಾಠ ಕಲಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು. ಚಿನ್ನ ಅಡಗಿದ್ದೇ ಬೆಣಚಿನ ಎಳೆಗಳಲ್ಲಿ. ನಮ್ಮ ಬಯಲುಸೀಮೆಯ ಗುಡ್ಡಗಳ ಗ್ರಾನೈಟ್‌ನಲ್ಲೂ ಸುಮಾರು ಕಾಲು ಪಾಲು ಬೆಣಚು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೆಲಸದ ಜಾಗದಲ್ಲಿ ಉಸಿರಿಗೆ ಸೇರುವ ಬೆಣಚಿನ ದೂಳನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಯಂತ್ರದ ಪಕ್ಕ ನಿಂತ ಕಾರ್ಮಿಕ ಸೇದುವಷ್ಟನ್ನು ಊರವರು ಸೇದುವುದಿಲ್ಲ, ನಿಜ. ಆದರೆ ಅವನ ಪಾಳಿ ಎಂಟು ಗಂಟೆಗಳಲ್ಲಿ ಮುಗಿಯುತ್ತದೆ; ಊರಲ್ಲೇ ಮಲಗುವ ಮಗುವಿಗೆ ಪಾಳಿಯೇ ಇಲ್ಲ.

2011ರ ಕ್ರಷರ್ ಕಾಯ್ದೆಯಲ್ಲಿ ಕ್ರಷರ್ ಹಾಕಬಹುದಾದ ‘ಸುರಕ್ಷಿತ ವಲಯ’ ಎಂಬ ಮಾತಿದೆ. ಆ ವಲಯವನ್ನು ಮೀಟರುಗಳಲ್ಲಿ ಅಳೆದು ತೋರಿಸಿದಾಗ ಗ್ರಾಮಸ್ಥರು ಅಹವಾಲು ಸಭೆಯಲ್ಲಿ ಗಾಳಿಯ ಬಗ್ಗೆ ಕೇಳಬೇಕು. ವರ್ಷದ ಯಾವ ತಿಂಗಳು ಗಾಳಿ ಊರ ಕಡೆ ಬೀಸುತ್ತದೆ? ನೀರು ಚಿಮುಕಿಸುತ್ತೇವೆ ಎನ್ನುತ್ತೀರಲ್ಲ, ದಪ್ಪ ಹನಿಯ ಸುತ್ತ ಗಾಳಿಯೊಂದಿಗೇ ಬಳಸಿ ಹೋಗುವ ಸಣ್ಣ ಕಣವನ್ನು ಯಾವುದು ಹಿಡಿಯುತ್ತದೆ? ದೂಳು ಅಳೆಯುವ ಯಂತ್ರವನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಇಡುತ್ತೀರಿ? ಅದನ್ನು ಶಾಲೆಯ ಅಂಗಳದಲ್ಲಿಡಲಿ. ತಣ್ಣನೆಯ ಗಾಳಿ ನೆಲಕ್ಕೆ ಅಂಟಿ, ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುವ ಡಿಸೆಂಬರ್ ಮುಂಜಾವಿನಲ್ಲಿ ಅಳೆಯಲಿ.